ಚೆನ್ನಾಗಿದೀನಿ ಕಣಪ್ಪ

ಪ್ರತಿ ಭಾನುವಾರ ಬೆಳಿಗ್ಗೆ ಊರಿಗೆ ಫೋನ್ ಮಾಡ್ತೀನಿ. ಅಮ್ಮ ಫೋನನ್ನ ಅಜ್ಜಿ ಕಿವಿಗೆ ಹಿಡೀತಾಳೆ.

"ಹೆಂಗಿದೀಯಜ್ಜಿ?"

"ಚೆನ್ನಾಗಿದೀನಿ ಕಣಪ್ಪ."

"ತಿಂಡಿ ಆಯ್ತಾ?"

"ಆಯ್ತು ಕಣಪ್ಪ."

ಅಲ್ಲಿಗೆ ಮೊಮ್ಮಗನ ಡ್ಯೂಟಿ ಮುಗೀತು. ಸಾಫ್ಟ್‌ವೇರ್‌ನಲ್ಲಿರೋರಿಗೆ ಇದು ಗೊತ್ತಿರೋ ವಿಷಯಾನೇ. ಸರ್ವರ್‌ಗೆ ನಿಮಿಷಕ್ಕೊಂದು ಸಲ ‘ಬದುಕಿದೀಯಾ?’ ಅಂತ ಕೇಳೋ ಹೆಲ್ತ್ ಚೆಕ್ ಹಾಕಿರ್ತೀವಿ. ಅದು ‘200 ಓಕೆ’ ಅಂತ ಉತ್ತರ ಕೊಡ್ತಾನೇ ಇರುತ್ತೆ. ಒಳಗೆ ನೋಡಿದ್ರೆ ಡೇಟಾಬೇಸ್ ಕೈಕೊಟ್ಟು ಎರಡು ಗಂಟೆ ಆಗಿರುತ್ತೆ.

ನಮ್ಮಜ್ಜಿಗೆ ಎಂಬತ್ತು ದಾಟಿದೆ. ತಿಪಟೂರು ಕಡೆ ನಮ್ಮೂರು, ತೆಂಗಿನ ತೋಟದ ಮನೆ. ಎರಡು ವರ್ಷದಿಂದ ಮರೆವು ಶುರುವಾಗಿತ್ತು. ಒಲೆ ಮೇಲೆ ಹಾಲಿಟ್ಟು ಮರೆಯೋದು, ನನ್ನನ್ನ ನಮ್ಮಪ್ಪನ ಹೆಸರಿಂದ ಕರೆಯೋದು, ಅಷ್ಟರಲ್ಲೇ ಇತ್ತು. ಹೋದ ವರ್ಷ ಯುಗಾದಿ ಕಳೆದ ಮೇಲೆ ಬೇರೆ ಥರ ಆಯ್ತು. ಮಾತು ನಿಲ್ತು. ಅಮ್ಮ ಕಾಫಿ ತಂದುಕೊಟ್ರೆ ಸಿಡುಕೋಳು. ರಾತ್ರಿ ಮೂರು ಗಂಟೆಗೆ ಎದ್ದು ಜಗಲಿ ಮೇಲೆ ಕೂತಿರೋಳು. ಮನೆಗೆ ಬಂದ ನೆಂಟರೆಲ್ಲ ಹೇಳಿದ್ದು ಒಂದೇ ಮಾತು: "ಅರವತ್ತಕ್ಕೆ ಅರಳು ಮರಳು ಅಂತಾರೆ, ಈ ವಯಸ್ಸಿಗೆ ಇನ್ನೇನು ಕೇಳ್ತೀರಿ?"

ಅರಳು ಮರಳು ಅನ್ನೋದು ಒಂದು ದೊಡ್ಡ ಗೋಣಿಚೀಲ. ಮರೆವು, ಮಂಕು, ಸಿಟ್ಟು, ಮೌನ ಎಲ್ಲಾನೂ ಅದರೊಳಗೆ ತುಂಬಿ ಬಾಯಿ ಕಟ್ಟಿಬಿಡಬಹುದು. ಕಟ್ಟಿದ ಮೇಲೆ ಯಾರೂ ಬಿಚ್ಚಿ ನೋಡಲ್ಲ. ಆಮೇಲೆ ನಾನು ಓದಿದಾಗ ಗೊತ್ತಾಗಿದ್ದು ಏನಂದ್ರೆ, ಡಾಕ್ಟರುಗಳ ಹತ್ತಿರವೂ ಇಂಥದ್ದೇ ಒಂದು ಚೀಲ ಇತ್ತು. ಅದನ್ನ ಬಿಚ್ಚೋಕೆ ಅವರಿಗೂ ದಶಕಗಳೇ ಬೇಕಾದವು.

ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಯುರೋಪಿನ ಮಾನಸಿಕ ಆಸ್ಪತ್ರೆಗಳಿಗೆ ಮುದುಕರು ಬಂದ್ರೆ, ಬಹಳ ಸಲ ಅವರಿಗೆ ಸಿಗ್ತಿದ್ದ ಹಣೆಪಟ್ಟಿ ಮುಪ್ಪಿನ ಬುದ್ಧಿಭ್ರಮೆ. ಮಿದುಳು ಸವೆದಿದೆ, ವಾಸಿಯಾಗಲ್ಲ, ಮುಗೀತು ಕಥೆ. ಇದನ್ನ ಪ್ರಶ್ನೆ ಮಾಡಿದೋರಲ್ಲಿ ಮುಖ್ಯವಾದೋರು ಮಾರ್ಟಿನ್ ರಾತ್. ಅವರು ಇಂಗ್ಲೆಂಡಿನ ಚಿಚೆಸ್ಟರ್ ಹತ್ತಿರದ ಗ್ರೇಲಿಂಗ್‌ವೆಲ್ ಆಸ್ಪತ್ರೆಗೆ ಸೇರಿದ್ದ ವಯಸ್ಸಾದೋರ ದಾಖಲೆಗಳನ್ನ ಇಟ್ಕೊಂಡು 1955ರಲ್ಲಿ ಒಂದು ಲೇಖನ ಪ್ರಕಟಿಸಿದ್ರು. ಅವರು ಮಾಡಿದ್ದು ಸರಳ ಕೆಲಸ. ರೋಗಿಗಳನ್ನ ಲಕ್ಷಣದ ಪ್ರಕಾರ ಗುಂಪು ಮಾಡಿದ್ರು. ಆರು ತಿಂಗಳಾದ ಮೇಲೆ, ಎರಡು ವರ್ಷವಾದ ಮೇಲೆ ಅವರೆಲ್ಲ ಎಲ್ಲಿದ್ದಾರೆ ಅಂತ ನೋಡಿದ್ರು. ಡಿಮೆನ್ಷಿಯಾ ಗುಂಪಿನಲ್ಲಿ ಎರಡು ವರ್ಷದೊಳಗೆ ಹೆಚ್ಚಿನವರು ತೀರಿಕೊಂಡಿದ್ರು. ಖಿನ್ನತೆಯ ಗುಂಪಿನಲ್ಲಿ ಹೆಚ್ಚಿನವರು ವಾಸಿಯಾಗಿ ಮನೆಗೆ ಹೋಗಿದ್ರು. ಒಂದೇ ಆಸ್ಪತ್ರೆ, ಹೆಚ್ಚುಕಮ್ಮಿ ಒಂದೇ ವಯಸ್ಸು, ಕೊನೆ ಮಾತ್ರ ಬೇರೆ ಬೇರೆ. ಅಂದ್ರೆ ಚೀಲದಲ್ಲಿದ್ದದ್ದು ಒಂದೇ ಕಾಯಿಲೆ ಅಲ್ಲ.

ಮುಂದಿನ ಹೆಜ್ಜೆ 1961ರಲ್ಲಿ. ಲೆಸ್ಲಿ ಕೈಲೋ ಅನ್ನೋ ಮನೋವೈದ್ಯರು ಡಿಮೆನ್ಷಿಯಾ ಥರಾನೇ ಕಾಣೋ, ಆದರೆ ಅದಲ್ಲದ ಪ್ರಕರಣಗಳನ್ನ ವಿವರಿಸಿ ‘ಸ್ಯೂಡೋ ಡಿಮೆನ್ಷಿಯಾ’ ಅನ್ನೋ ಹೆಸರನ್ನ ಚಾಲ್ತಿಗೆ ತಂದರು. ಸುಳ್ಳು ಡಿಮೆನ್ಷಿಯಾ ಅಂತ ಅರ್ಥ. ಖಿನ್ನತೆ ಆಳವಾದಾಗ ಮನುಷ್ಯನಿಗೆ ಯೋಚನೆಯೇ ಓಡಲ್ಲ. ಗಮನ ನಿಲ್ಲಲ್ಲ. ಹೊರಗಿನಿಂದ ನೋಡೋರಿಗೆ ಮರೆವಿನ ಕಾಯಿಲೆ ಥರಾನೇ ಕಾಣುತ್ತೆ. 1979ರಲ್ಲಿ ಅಮೆರಿಕದ ಚಾರ್ಲ್ಸ್ ವೆಲ್ಸ್ ಇವೆರಡನ್ನ ಬೇರ್ಪಡಿಸೋಕೆ ಗುರುತುಗಳನ್ನ ಪಟ್ಟಿ ಮಾಡಿದ್ರು. ಖಿನ್ನತೆ ಇರೋರು ತಮ್ಮ ಮರೆವಿನ ಬಗ್ಗೆ ತಾವೇ ಜಾಸ್ತಿ ದೂರು ಹೇಳ್ತಾರೆ, ಪ್ರಶ್ನೆ ಕೇಳಿದ್ರೆ ಪ್ರಯತ್ನಾನೇ ಮಾಡದೆ ‘ಗೊತ್ತಿಲ್ಲ’ ಅಂದುಬಿಡ್ತಾರೆ. ಡಿಮೆನ್ಷಿಯಾ ಇರೋರು ಮರೆವನ್ನ ಮುಚ್ಚಿಡೋಕೆ ನೋಡ್ತಾರೆ, ಸುಮಾರಾಗಿ ಹೊಂದೋ ತಪ್ಪು ಉತ್ತರ ಕೊಡ್ತಾರೆ.

ಓದೋಕೆ ಚೆನ್ನಾಗಿದೆ. ಎರಡು ಪೆಟ್ಟಿಗೆ, ಒಬ್ಬ ರೋಗಿ, ಯಾವುದಕ್ಕೆ ಹಾಕಬೇಕು ಅಂತ ನಿರ್ಧಾರ ಮಾಡಿದ್ರೆ ಆಯ್ತು. ನಮ್ಮ ಭಾಷೇಲಿ ಇಫ್-ಎಲ್ಸ್. ಆದರೆ ಮನುಷ್ಯರ ಮಿದುಳು ಇಫ್-ಎಲ್ಸ್ ಪಾಲಿಸಲ್ಲ. ಡಿಮೆನ್ಷಿಯಾ ಇರೋರಿಗೇ ಖಿನ್ನತೆಯೂ ಬರುತ್ತೆ, ಅದೂ ಅಪರೂಪಕ್ಕೆ ಅಲ್ಲ. ಅಷ್ಟೇ ಅಲ್ಲ, ‘ಸುಳ್ಳು’ ಅಂದುಕೊಂಡಿದ್ದು ಎಷ್ಟೋ ಸಲ ನಿಜದ ಮುನ್ಸೂಚನೆ ಆಗಿರುತ್ತೆ. ಜಾರ್ಜ್ ಅಲೆಕ್ಸೋಪೊಲಸ್ ಮತ್ತವರ ತಂಡ 1993ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನ ತೋರಿಸ್ತು. ಖಿನ್ನತೆಗಾಗಿ ಆಸ್ಪತ್ರೆ ಸೇರಿದ್ದ ವಯಸ್ಸಾದೋರನ್ನ ಅವರು ವರ್ಷಗಟ್ಟಲೆ ಗಮನಿಸಿದ್ರು. ಖಿನ್ನತೆ ಜೊತೆ ಮರೆವು ಬಂದು, ಖಿನ್ನತೆ ವಾಸಿಯಾದಾಗ ಮರೆವೂ ಹೋಗಿತ್ತಲ್ಲ, ಅಂಥೋರಲ್ಲಿ 43 ಪರ್ಸೆಂಟ್ ಜನಕ್ಕೆ ಮುಂದೆ ನಿಜವಾದ ಡಿಮೆನ್ಷಿಯಾ ಬಂತು. ಬರೀ ಖಿನ್ನತೆ ಇದ್ದೋರಲ್ಲಿ ಅದು 12 ಪರ್ಸೆಂಟ್. ಅದು ಒಟ್ಟು 57 ಜನರ ಸಣ್ಣ ಅಧ್ಯಯನ. ಆದರೂ ‘ಇದಾ, ಅದಾ?’ ಅನ್ನೋ ಪ್ರಶ್ನೆಯೇ ಸರಿ ಇಲ್ಲ ಅಂತ ಹೇಳೋಕೆ ಸಾಕಾಗಿತ್ತು.

ಸರಿ, ಎರಡೂ ಒಟ್ಟಿಗೆ ಇರಬಹುದು ಅಂತಾಯ್ತು. ಮರೆವು ಇರೋ ಮನುಷ್ಯನಲ್ಲಿ ಖಿನ್ನತೆಯನ್ನ ಪತ್ತೆ ಹಚ್ಚೋದು ಹೇಗೆ?

ಖಿನ್ನತೆ ಅಳೆಯೋಕೆ ಅಷ್ಟು ಹೊತ್ತಿಗೆ ಮಾಪಕಗಳು ಬಂದಿದ್ದವು. ಅದರಲ್ಲಿ ಬಹಳ ಹೆಸರು ಮಾಡಿದ್ದು ಮ್ಯಾಕ್ಸ್ ಹ್ಯಾಮಿಲ್ಟನ್ 1960ರಲ್ಲಿ ಪ್ರಕಟಿಸಿದ್ದು. ಅದರ 17 ಅಂಶಗಳಲ್ಲಿ ಮೂರು ಬರೀ ನಿದ್ದೆಗೆ ಸಂಬಂಧಪಟ್ಟವು. ತೂಕ ಇಳಿಯೋದು, ಹೊಟ್ಟೆ ತೊಂದರೆ, ಮೈಕೈ ಭಾರ, ಇವೂ ಸೇರಿವೆ. ನಲವತ್ತು ವರ್ಷದೋರಿಗೆ ಇದು ಸರಿ. ಎಂಬತ್ತು ವರ್ಷದ ಅಜ್ಜಿಗೆ ಕೇಳಿ ನೋಡಿ. ಮಂಡಿ ನೋವಿಗೆ ನಿದ್ದೆ ಬರಲ್ಲ, ಹಲ್ಲಿಲ್ಲದೆ ಊಟ ಸೇರಲ್ಲ. ಖಿನ್ನತೆ ಇಲ್ಲದಿದ್ರೂ ಸ್ಕೋರ್ ಏರುತ್ತೆ.

ಇದಕ್ಕೊಂದು ಪರಿಹಾರ ಅಮೆರಿಕದಲ್ಲಿ ಜೆರೋಮ್ ಯೆಸವಾಜ್ ತಂಡದಿಂದ ಬಂತು. ನೂರು ಪ್ರಶ್ನೆಗಳಿಂದ ಶುರು ಮಾಡಿ, ಸೋಸಿ ಸೋಸಿ 30 ಉಳಿಸಿಕೊಂಡ್ರು. 1983ರ ಹೊತ್ತಿಗೆ ಪ್ರಕಟವಾದ ಇದರ ಹೆಸರು ಜೀರಿಯಾಟ್ರಿಕ್ ಡಿಪ್ರೆಶನ್ ಸ್ಕೇಲ್. ಮೈಗೆ ಸಂಬಂಧಪಟ್ಟ ಪ್ರಶ್ನೆಗಳನ್ನ ಬೇಕಂತಲೇ ತೆಗೆದ್ರು. ಎಲ್ಲಾ ಪ್ರಶ್ನೆಗೂ ಹೌದು ಅಥವಾ ಇಲ್ಲ ಅಂದ್ರೆ ಸಾಕು. 1986ರಲ್ಲಿ 15 ಪ್ರಶ್ನೆಗಳ ಚಿಕ್ಕ ರೂಪವೂ ಬಂತು. ಇವತ್ತಿಗೂ ಪ್ರಪಂಚದ ಎಲ್ಲಾ ಕಡೆ ಬಳಸ್ತಾರೆ.

ಆದರೆ ಅದರಲ್ಲೊಂದು ಷರತ್ತು ಅಡಗಿದೆ. ಉತ್ತರ ಕೊಡೋರಿಗೆ ಹೋದ ವಾರ ಹೇಗಿತ್ತು ಅನ್ನೋದು ನೆನಪಿರಬೇಕು. ತನ್ನೊಳಗೆ ಏನಾಗ್ತಿದೆ ಅಂತ ಗಮನಿಸೋ ಶಕ್ತಿ ಇರಬೇಕು. ಮರೆವು ಕಮ್ಮಿ ಇದ್ದಾಗ ಈ ಸ್ಕೇಲ್ ಕೆಲಸ ಮಾಡುತ್ತೆ. ಮರೆವು ಆಳವಾಗ್ತಾ ಹೋದ ಹಾಗೆ ಉತ್ತರಗಳ ಮೇಲೆ ನಂಬಿಕೆ ಇಡೋದು ಕಷ್ಟ ಆಗುತ್ತೆ. ಆಗ ಬರೋದೇ ‘ಚೆನ್ನಾಗಿದೀನಿ ಕಣಪ್ಪ’. ಅಜ್ಜಿ ಸುಳ್ಳು ಹೇಳ್ತಿಲ್ಲ. ಆ ಕ್ಷಣಕ್ಕೆ ಬಾಯಿಗೆ ಬಂದ, ಎಂಬತ್ತು ವರ್ಷದಿಂದ ರೂಢಿಯಾದ ಉತ್ತರ ಅದು.

1988ರಲ್ಲಿ ಅದೇ ಅಲೆಕ್ಸೋಪೊಲಸ್, ರಾಬರ್ಟ್ ಅಬ್ರಾಮ್ಸ್ ಮತ್ತಿಬ್ಬರು ಜೊತೆಗಾರರು ಸೇರಿ ಇದಕ್ಕಾಗೇ ಒಂದು ಮಾಪಕ ಪ್ರಕಟಿಸಿದ್ರು. ಹೆಸರು ಕಾರ್ನೆಲ್ ಸ್ಕೇಲ್. ಅವರು ಕೆಲಸ ಮಾಡ್ತಿದ್ದ ವಿಶ್ವವಿದ್ಯಾಲಯದ ಹೆಸರೇ ಅದಕ್ಕೂ ಬಂತು. ನನಗೆ ಈ ಇಡೀ ಇತಿಹಾಸದಲ್ಲಿ ತುಂಬಾ ಹಿಡಿಸಿದ್ದು ಇದರ ವಿನ್ಯಾಸ. 19 ಅಂಶಗಳಿವೆ, ಐದು ಗುಂಪು: ಮನಸ್ಸಿನ ಸ್ಥಿತಿ, ನಡವಳಿಕೆ, ಮೈಯ ಲಕ್ಷಣ, ನಿದ್ದೆ ಮತ್ತು ದಿನದ ಲಯ, ಯೋಚನೆ. ಒಂದೊಂದಕ್ಕೂ ಸೊನ್ನೆ, ಒಂದು ಅಥವಾ ಎರಡು ಅಂಕ. ಹತ್ತು ದಾಟಿದ್ರೆ ಖಿನ್ನತೆ ಇರೋ ಸಾಧ್ಯತೆ ಜೋರಾಗಿದೆ ಅಂತ ಲೆಕ್ಕ.

ಮೊದಲು ನೋಡಿಕೊಳ್ಳೋರನ್ನ ಕೂರಿಸ್ಕೊಂಡು ಸುಮಾರು ಇಪ್ಪತ್ತು ನಿಮಿಷ ಕೇಳ್ತಾರೆ. ಆಮೇಲೆ ರೋಗಿ ಜೊತೆ ಹತ್ತು ನಿಮಿಷ ಮಾತಾಡ್ತಾರೆ. ಮುಖ ಹೇಗಿದೆ, ಕೈ ಏನು ಮಾಡ್ತಿದೆ, ದನಿ ಹೇಗಿದೆ ಅಂತ ನೋಡ್ತಾರೆ. ಎರಡೂ ಕಡೆಯವರ ಮಾತು ಹೊಂದಿಲ್ಲ ಅಂದ್ರೆ ನೋಡಿಕೊಳ್ಳೋರ ಹತ್ತಿರ ಮತ್ತೆ ಹೋಗಿ ಕೇಳ್ತಾರೆ. ಕೊನೇಲಿ ಅಂಕ ಹಾಕೋದು ವೈದ್ಯರ ತೀರ್ಮಾನ.

ಇನ್ನೊಂದು ಸೂಕ್ಷ್ಮ ಇದೆ. ‘ಆಸಕ್ತಿ ಹೋಗಿದೆ’ ಮತ್ತು ‘ಶಕ್ತಿ ಇಲ್ಲ’ ಅನ್ನೋ ಅಂಶಗಳಿಗೆ ಅಂಕ ಕೊಡಬೇಕಾದ್ರೆ ಆ ಬದಲಾವಣೆ ಒಂದು ತಿಂಗಳೊಳಗೆ ಆಗಿರಬೇಕು. ಯಾಕಂದ್ರೆ ಡಿಮೆನ್ಷಿಯಾ ಕೂಡ ಆಸಕ್ತಿಯನ್ನ ಕಿತ್ತುಕೊಳ್ಳುತ್ತೆ, ಆದರೆ ನಿಧಾನಕ್ಕೆ, ವರ್ಷಗಟ್ಟಲೆ. ಖಿನ್ನತೆ ಸಾಮಾನ್ಯವಾಗಿ ಬೇಗ ಬಂದು ಕೂರುತ್ತೆ. ಹಾಗಾಗಿ ಇಲ್ಲಿ ಮುಖ್ಯ ಇವತ್ತಿನ ಸ್ಥಿತಿಗಿಂತ ಹೋದ ತಿಂಗಳಿಗೂ ಇವತ್ತಿಗೂ ಇರೋ ವ್ಯತ್ಯಾಸ. ಆ ವ್ಯತ್ಯಾಸ ಹೇಳೋಕೆ ದಿನಾ ಜೊತೆಗಿರೋರಿಗೆ ಮಾತ್ರ ಸಾಧ್ಯ. ಬೆಂಗಳೂರಿಂದ ವಾರಕ್ಕೆರಡು ನಿಮಿಷ ಫೋನ್ ಮಾಡೋ ಮೊಮ್ಮಗನಿಗೆ ಅದು ಗೊತ್ತಾಗಲ್ಲ.

ಕಾರ್ನೆಲ್ ಸ್ಕೇಲ್‌ನಲ್ಲಿ ಅಂಕದ ಜಾಗದಲ್ಲಿ ‘ಎ’ ಅಂತ ಬರೆಯೋಕೂ ಅವಕಾಶ ಇದೆ. ‘ಇದನ್ನ ಅಳೆಯೋಕೆ ಆಗಲಿಲ್ಲ’ ಅಂತ ಅದರ ಅರ್ಥ. ಸೊನ್ನೆ ಅಂದ್ರೆ ಲಕ್ಷಣ ಇಲ್ಲ. ‘ಎ’ ಅಂದ್ರೆ ತಿಳಿದಿಲ್ಲ. ನಲ್ ಮತ್ತು ಸೊನ್ನೆ ಒಂದೇ ಅಂದುಕೊಂಡು ಕೋಡ್ ಬರೆದು ಪ್ರೊಡಕ್ಷನ್‌ನಲ್ಲಿ ಒದ್ದಾಡಿದೋರಿಗೆ ಇದರ ಬೆಲೆ ಗೊತ್ತು. ನಮ್ಮ ಮನೇಲಿ ತಿಂಗಳುಗಟ್ಟಲೆ ನಡೆದಿದ್ದೂ ಅದೇ ತಪ್ಪು. ಅಜ್ಜಿ ಏನೂ ಹೇಳ್ತಿಲ್ಲ, ಹಾಗಾಗಿ ಅಜ್ಜಿಗೆ ಏನೂ ಇಲ್ಲ.

ಹಾಗಂತ ನೋಡಿಕೊಳ್ಳೋರ ಮಾತೇ ಅಂತಿಮ ಅಲ್ಲ. ಅವರೂ ಮನುಷ್ಯರು. ನೋಡಿಕೊಳ್ಳೋರು ತಾವೇ ಸೋತು, ಬೇಸತ್ತು ಹೋಗಿದ್ರೆ, ರೋಗಿಯಲ್ಲೂ ಹೆಚ್ಚು ಖಿನ್ನತೆ ಕಾಣ್ತಾರೆ ಅಂತ ಅಧ್ಯಯನಗಳು ತೋರಿಸಿವೆ. ನಮ್ಮ ಕಡೆ ನೋಡಿಕೊಳ್ಳೋರು ಅಂದ್ರೆ ಬಹುತೇಕ ಸೊಸೆ. ಅವಳನ್ನ ‘ನೀನು ಹೆಂಗಿದೀಯಮ್ಮ?’ ಅಂತ ಕೇಳೋರು ಯಾರು? ನಾನೂ ಕೇಳಿರಲಿಲ್ಲ. ಫೋನಲ್ಲಿ "ಅಜ್ಜಿಗೆ ಕೊಡಮ್ಮ" ಅಂತಿದ್ದೆ, ಅಷ್ಟೇ.

2002ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ ಸೇರಿಸಿದ ತಜ್ಞರ ಗುಂಪೊಂದು ಆಲ್ಜೈಮರ್ ಜೊತೆ ಬರೋ ಖಿನ್ನತೆಗೆ ಬೇರೆಯದೇ ಮಾನದಂಡ ಮುಂದಿಡ್ತು. ಸಾಮಾನ್ಯ ಖಿನ್ನತೆಗೆ ಐದು ಲಕ್ಷಣ ಬೇಕು, ಇಲ್ಲಿ ಮೂರು ಸಾಕು. ದಿನಾ ಇರಬೇಕು ಅಂತಿಲ್ಲ. ಎರಡು ಲಕ್ಷಣಗಳನ್ನ ಹೊಸದಾಗಿ ಸೇರಿಸಿದ್ರು: ಸಿಡುಕು, ಮತ್ತು ಜನರಿಂದ ದೂರ ಸರಿಯೋದು. ಇದನ್ನ ಓದುವಾಗ ನನ್ನ ಕಣ್ಣ ಮುಂದೆ ಕಾಫಿ ಲೋಟ ತಳ್ಳೋ ಅಜ್ಜಿಯೇ ಇದ್ದಳು. ನಾವು ಅದನ್ನ ಮುಪ್ಪಿನ ಹಠ ಅಂದುಕೊಂಡಿದ್ವಿ.

ಇನ್ನು ನಮ್ಮ ದೇಶದ ವಿಷಯ. ಮರೆವು ಅಳೆಯೋಕೆ ಪ್ರಪಂಚದಾದ್ಯಂತ ಬಳಕೆಯಾದ ಪರೀಕ್ಷೆ 1975ರಲ್ಲಿ ಫೋಲ್ಸ್ಟೀನ್ ದಂಪತಿ ಮತ್ತು ಪಾಲ್ ಮೆಕ್‌ಹ್ಯೂ ಮಾಡಿದ್ದು. ಇವತ್ತು ತಾರೀಖೆಷ್ಟು, ನೂರರಿಂದ ಏಳೇಳು ಕಳೀತಾ ಹೋಗಿ, ಒಂದು ವಾಕ್ಯ ಬರೀರಿ, ಈ ಚಿತ್ರ ನೋಡಿ ಹಾಗೇ ಬಿಡಿಸಿ. ನಾವು ಅಜ್ಜಿಯನ್ನ ಮೊದಲು ಕರೆದುಕೊಂಡು ಹೋದ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲೂ ಇಂಥದ್ದೇ ಪ್ರಶ್ನೆಗಳು. ಅಜ್ಜಿ ಸ್ಕೂಲ್ ಮೆಟ್ಟಿಲು ಹತ್ತಿದೋಳಲ್ಲ. ಪೆನ್ನು ಹಿಡಿಯೋಕೇ ಬರಲ್ಲ. ಆದರೆ ಅಟ್ಟದ ಮೇಲಿನ ಕೊಬ್ಬರಿ ಎಷ್ಟಿದೆ, ಹೋದ ಸಲ ಯಾವ ರೇಟಿಗೆ ಹೋಯ್ತು ಅನ್ನೋದು ಮೊನ್ನೆ ಮೊನ್ನೆವರೆಗೂ ಬಾಯಲ್ಲಿತ್ತು. ಅಲ್ಲಿ ಎಲ್ಲಾ ಪ್ರಶ್ನೆಗೂ ತಲೆ ತಗ್ಗಿಸಿ ಕೂತಳು. ಹತ್ತು ನಿಮಿಷದಲ್ಲಿ ಎದ್ದು ಬಂದ್ವಿ, ಮರೆವಿನ ಮಾತ್ರೆ ಚೀಟಿ ಜೊತೆ. ಅಮ್ಮ ಕುರ್ಚಿ ಸಿಗದೆ ಬಾಗಿಲ ಹತ್ತಿರ ನಿಂತೇ ಇದ್ದಳು. ಅವಳನ್ನ ಯಾರೂ ಏನೂ ಕೇಳಲಿಲ್ಲ.

ಈ ಸಮಸ್ಯೆ ಮೂವತ್ತು ವರ್ಷದ ಹಿಂದೆಯೇ ನಮ್ಮವರ ಕಣ್ಣಿಗೆ ಬಿದ್ದಿತ್ತು. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ನಡೆದ ಭಾರತ-ಅಮೆರಿಕ ಜಂಟಿ ಅಧ್ಯಯನಕ್ಕಾಗಿ ಮೇರಿ ಗಂಗೂಲಿ ಮತ್ತು ಜೊತೆಗಾರರು ಓದು ಬರಹ ಬಾರದೋರಿಗೂ ಹೊಂದೋ ಹಿಂದಿ ಪರೀಕ್ಷೆಯೊಂದನ್ನ ರೂಪಿಸಿ 1995ರಲ್ಲಿ ಪ್ರಕಟಿಸಿದ್ರು. ವಾಕ್ಯ ಬರೆಯೋ ಬದಲು ‘ನಿಮ್ಮ ಮನೆ ಬಗ್ಗೆ ಏನಾದ್ರೂ ಹೇಳಿ’ ಅಂತ ಕೇಳಿದ್ರು. ಮುಂದೆ ದೇಶದಾದ್ಯಂತ ವಯಸ್ಸಾದೋರ ಮರೆವನ್ನ ಅಳೆದ ಲಾಸಿ-ಡ್ಯಾಡ್ ಅಧ್ಯಯನದಲ್ಲೂ ಇದನ್ನ ಬಳಸಿಕೊಂಡ್ರು. ಅದರಲ್ಲಿ ಹಿರಿಯರ ಜೊತೆಗೆ ಅವರನ್ನ ಹತ್ತಿರದಿಂದ ಬಲ್ಲ ಒಬ್ಬರನ್ನೂ ಮಾತಾಡಿಸ್ತಾರೆ. 2023ರಲ್ಲಿ ಪ್ರಕಟವಾದ ಅದರ ಅಂದಾಜಿನ ಪ್ರಕಾರ ದೇಶದಲ್ಲಿ 60 ದಾಟಿದೋರಲ್ಲಿ 7.4 ಪರ್ಸೆಂಟ್, ಅಂದ್ರೆ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಷಿಯಾ ಇದೆ. ನಮ್ಮ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲೂ ಬೆಂಗಳೂರಿನ ಸೆಂಟರ್ ಫಾರ್ ಬ್ರೈನ್ ರಿಸರ್ಚ್‌ನೋರು ವರ್ಷಗಳ ಕಾಲ ಜನರನ್ನ ಗಮನಿಸೋ ದೊಡ್ಡ ಅಧ್ಯಯನ ನಡೆಸ್ತಿದ್ದಾರೆ.

ಅಷ್ಟಾದ್ರೂ ಒಂದು ತೊಡಕು ಉಳಿಯುತ್ತೆ. ಖಿನ್ನತೆ ಅನ್ನೋದು ಪೇಪರಿನ ಪದ. ನಮ್ಮಜ್ಜಿ ಆ ಪದ ಕೇಳೇ ಇಲ್ಲ. ಅವಳ ಹತ್ತಿರ ಇರೋದು ‘ಬ್ಯಾಸರ’, ‘ಎದೆ ಭಾರ’, ‘ಯಾಕೋ ಯಾವುದೂ ಬ್ಯಾಡ ಅನ್ಸುತ್ತೆ’. ಕೇಳೋರು ಆ ಮಾತಲ್ಲಿ ಕೇಳಬೇಕು.

ಪತ್ತೆ ಹಚ್ಚಿದ ಮೇಲೆ ಮಾತ್ರೆ ಕೊಟ್ರೆ ಮುಗೀತಾ? ಇತಿಹಾಸದ ಈ ಪುಟ ಸ್ವಲ್ಪ ಮುಖಭಂಗ ಮಾಡೋಂಥದ್ದು. ಸುಬೆ ಬ್ಯಾನರ್ಜಿ ನೇತೃತ್ವದ ತಂಡ ಇಂಗ್ಲೆಂಡಿನ ಒಂಬತ್ತು ಕೇಂದ್ರಗಳಲ್ಲಿ ಡಿಮೆನ್ಷಿಯಾ ಜೊತೆ ಖಿನ್ನತೆ ಇದ್ದ 326 ಜನರ ಮೇಲೆ ಪ್ರಯೋಗ ನಡೆಸಿ 2011ರಲ್ಲಿ ಫಲಿತಾಂಶ ಪ್ರಕಟಿಸ್ತು. ಒಂದು ಗುಂಪಿಗೆ ಸರ್ಟ್ರಲಿನ್, ಇನ್ನೊಂದಕ್ಕೆ ಮಿರ್ಟಾಜಪಿನ್, ಮೂರನೇದಕ್ಕೆ ಔಷಧವೇ ಇಲ್ಲದ ಮಾತ್ರೆ. 13 ವಾರ ಆದಮೇಲೆ ಕಾರ್ನೆಲ್ ಸ್ಕೇಲ್‌ನಲ್ಲೇ ಅಳೆದ್ರು. ಮೂರೂ ಗುಂಪು ಸುಧಾರಿಸಿದ್ವು, ಅವುಗಳ ನಡುವೆ ವ್ಯತ್ಯಾಸ ಇರಲಿಲ್ಲ. ಔಷಧ ತಗೊಂಡೋರಲ್ಲಿ ಅಡ್ಡಪರಿಣಾಮ ಮಾತ್ರ ಜಾಸ್ತಿ. ತೀರಾ ತುರ್ತು ಸ್ಥಿತಿಯಲ್ಲಿದ್ದೋರು ಆ ಪ್ರಯೋಗದಲ್ಲಿ ಇರಲಿಲ್ಲ, ಹಾಗಾಗಿ ಯಾರೂ ಇದನ್ನ ಓದಿ ಮನೆಯವರ ಮಾತ್ರೆ ನಿಲ್ಲಿಸಬೇಡಿ. ಡಾಕ್ಟರನ್ನ ಕೇಳಿ.

ಇನ್ನೊಂದು ಪ್ರಯೋಗ ಅದಕ್ಕೂ ಹಳೇದು. 1997ರಲ್ಲಿ ಸಿಯಾಟಲ್‌ನ ಲಿಂಡಾ ಟೆರಿ ಮತ್ತು ತಂಡ 72 ಜೋಡಿಗಳ ಜೊತೆ ಕೆಲಸ ಮಾಡ್ತು. ಜೋಡಿ ಅಂದ್ರೆ ಒಬ್ಬ ರೋಗಿ, ಒಬ್ಬ ನೋಡಿಕೊಳ್ಳೋರು. ರೋಗಿಗೆ ಹಿಂದೆ ಖುಷಿ ಕೊಡ್ತಿದ್ದ ಕೆಲಸಗಳನ್ನ ಹುಡುಕಿ, ಈಗಿನ ಶಕ್ತಿಗೆ ತಕ್ಕ ಹಾಗೆ ಮತ್ತೆ ಮಾಡಿಸೋದನ್ನ ಕೆಲವರಿಗೆ ಕಲಿಸಿದ್ರು. ದಿನದ ಸಮಸ್ಯೆಗಳನ್ನ ಬಿಡಿಸಿಕೊಳ್ಳೋ ದಾರಿಯನ್ನ ಇನ್ನು ಕೆಲವರಿಗೆ ಕಲಿಸಿದ್ರು. ರೋಗಿಗಳ ಖಿನ್ನತೆ ಕಮ್ಮಿ ಆಯ್ತು. ಕಲಿತ ನೋಡಿಕೊಳ್ಳೋರ ಖಿನ್ನತೆಯೂ ಕಮ್ಮಿ ಆಯ್ತು.

ನಮ್ಮ ಕಥೆಗೆ ಬರ್ತೀನಿ. ಎರಡನೇ ಸಲ ಜಿಲ್ಲಾ ಕೇಂದ್ರದ ಒಬ್ಬ ಡಾಕ್ಟರ ಹತ್ತಿರ ಹೋದ್ವಿ. ಅವರು ಮೊದಲು ಕೇಳಿದ್ದು ಅಮ್ಮನನ್ನ. "ಬನ್ನಿಮ್ಮ, ಕೂತ್ಕೊಳ್ಳಿ. ನಿಮ್ಮತ್ತೆ ಮೊದಲು ದಿನಾ ಏನ್ ಮಾಡ್ತಿದ್ರು? ಯಾವಾಗಿಂದ ನಿಲ್ಸಿದ್ರು?"

ಅಮ್ಮ ಹೇಳ್ತಾ ಹೋದಳು. ತೋಟದಿಂದ ಬಂದ ಗರಿ ಸೀಳಿ ಪೊರಕೆ ಕಡ್ಡಿ ತೆಗೆಯೋದು ಅಜ್ಜಿಯ ಮಧ್ಯಾಹ್ನದ ಕೆಲಸ. ಬೀದಿಯ ಅರ್ಧ ಮನೆಗಳಿಗೆ ಅವಳದೇ ಪೊರಕೆ. ಜಗಲಿ ಮೇಲೆ ಕೂತು ಕಡ್ಡಿ ತೆಗೀತಿದ್ರೆ ಹೋಗಿ ಬರೋರೆಲ್ಲ ನಿಂತು ಮಾತಾಡೋರು. ಯುಗಾದಿಗೆ ಮುಂಚೆ ಒಂದು ಸಲ ಕೈ ಕುಯ್ಕೊಂಡಳು. ಮರೆವು ಬೇರೆ ಇದೆ, ಅಪಾಯ ಅಂತ ಚಾಕು ಎತ್ತಿಟ್ವಿ. ಗರಿಯನ್ನ ಹಿತ್ತಲಿಗೆ ಹಾಕಿದ್ವಿ. ಅದನ್ನ ಫೋನಲ್ಲಿ ಹೇಳಿ ಮಾಡಿಸಿದೋನು ನಾನೇ.

ಆಮೇಲೆ ಡಾಕ್ಟರು ಅಜ್ಜಿ ಹತ್ತಿರ ಕುರ್ಚಿ ಎಳ್ಕೊಂಡು ಕೂತು, "ಯಾಕಜ್ಜಿ, ಬ್ಯಾಸರಾನಾ?" ಅಂದ್ರು. ಅಜ್ಜಿ ಬಹಳ ಹೊತ್ತು ಸುಮ್ಮನಿದ್ದು, "ಕೈಗೆ ಕೆಲ್ಸಿಲ್ಲ ಕಣಪ್ಪ" ಅಂದಳು.

ಎರಡೂ ಇದೆ ಅಂದ್ರು ಡಾಕ್ಟರು, ಮರೆವೂ ಇದೆ, ಬ್ಯಾಸರವೂ ಇದೆ. ಮರೆವು ವಾಪಸ್ ಹೋಗಲ್ಲ. ಈಗ ಚಾಕು ಅಮ್ಮನ ಹತ್ತಿರ ಇದೆ. ಮಧ್ಯಾಹ್ನ ಅಮ್ಮ ಗರಿ ಸೀಳಿ ಕೊಡ್ತಾಳೆ, ಅಜ್ಜಿ ಕಡ್ಡಿ ಜೋಡಿಸಿ ಕಟ್ತಾಳೆ. ಕೆಲವು ದಿನ ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ತಾಳೆ. ನಿದ್ದೆ ಕೊಂಚ ಪರವಾಗಿಲ್ಲ. ಸಿಡುಕು ಪೂರ್ತಿ ಹೋಗಿಲ್ಲ.

ನಾನು ಈಗಲೂ ಭಾನುವಾರ ಫೋನ್ ಮಾಡ್ತೀನಿ. ಮೊದಲು ಅಮ್ಮನ ಹತ್ತಿರಾನೇ ಮಾತಾಡ್ತೀನಿ: "ನೀನು ಹೆಂಗಿದೀಯಮ್ಮ? ಈ ವಾರ ಅಜ್ಜಿ ಏನೇನ್ ಮಾಡಿದ್ಲು, ಏನ್ ಬಿಟ್ಲು?" ಮೊದಲನೇ ಸಲ ಕೇಳಿದಾಗ ಅಮ್ಮ ಒಂದು ನಿಮಿಷ ಮಾತೇ ಆಡಲಿಲ್ಲ. ಆಮೇಲೆ ಮುಕ್ಕಾಲು ಗಂಟೆ ಮಾತಾಡಿದಳು. ಅಜ್ಜಿಗೆ ಫೋನ್ ಕೊಟ್ಟಾಗ ಉತ್ತರ ಅದೇ, "ಚೆನ್ನಾಗಿದೀನಿ ಕಣಪ್ಪ." ಅದನ್ನೂ ಕೇಳಿಸ್ಕೊಳ್ತೀನಿ, ದನಿ ಹೇಗಿದೆ ಅಂತ.